ತೋಟ ನೋಡುವವರು ಯಾರೂ ಇಲ್ಲ

ಪುತ್ತೂರಿನಲ್ಲಿ ಪತ್ರಕರ್ತೆಯಾಗಿದ್ದ ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬರೆದದ್ದು ನಿಧನ ವಾರ್ತೆಗಳನ್ನು. ಈಗ ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಈ ವಿಷಯ ಎತ್ತುವುದಿಲ್ಲ. ದಿಟ್ಟ ಬರಹ, ಮಹಿಳೆಯರ ದನಿ ಎಂದೆಲ್ಲ ಹೇಳಿ ಶಾಲು ಹೊದಿಸುತ್ತಾರೆ. ದಿಟ್ಟ ಬರಹ ವಾರಕ್ಕೊಂದು ಇರುತ್ತಿತ್ತು, ಅದೂ ಜಾಹೀರಾತು ಕಡಿಮೆ ಬಂದ ವಾರ. ಸಾವು ಮಾತ್ರ ದಿನವೂ ಇರುತ್ತಿತ್ತು.

ನಮ್ಮದು ಜಿಲ್ಲೆಯ ಸಣ್ಣದೊಂದು ದಿನಪತ್ರಿಕೆ. ಕಚೇರಿ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿಗೆ ಸೇರಿಸಿ ಒಂದು ಪುಟ. ಆ ಪುಟಕ್ಕೆ ಬರುವ ಸುದ್ದಿಯಲ್ಲಿ ಹೆಂಗಸು ಎಂಬ ಶಬ್ದ ಕಂಡರೆ ಅದು ನೇರ ನನ್ನ ಮೇಜಿಗೆ ಬರುತ್ತಿತ್ತು. ವರದಕ್ಷಿಣೆ ಕೇಸು, ಸೀರೆ ಪ್ರದರ್ಶನ, ಹಲಸಿನ ಹಪ್ಪಳದ ತರಬೇತಿ, ಎಲ್ಲವೂ ಒಂದೇ ಕಟ್ಟಿನಲ್ಲಿ. ಕಚೇರಿಗೆ ಯಾರಾದರೂ ಬಂದರೆ ಸಂಪಾದಕರು, "ಇವರು ನಮ್ಮ ಸ್ತ್ರೀವಾದಿ ಮೇಡಂ" ಎಂದು ತೋರಿಸುತ್ತಿದ್ದರು, ಹೊಸ ಜನರೇಟರ್ ತೋರಿಸುವ ಹಾಗೆ. ನಿಧನ ವಾರ್ತೆ ನನ್ನ ಪಾಲಿಗೆ ಬಂದದ್ದಕ್ಕೆ ಮಾತ್ರ ಬೇರೆ ಕಾರಣ. ಆ ಸುದ್ದಿಗಳು ಫೋನಿನಲ್ಲಿ ಬರುವ ಹೊತ್ತಿಗೆ ಗಂಡಸರೆಲ್ಲ ಪತ್ರಿಕಾಗೋಷ್ಠಿಗೆ ಹೋಗಿರುತ್ತಿದ್ದರು. ಪತ್ರಿಕಾಗೋಷ್ಠಿಯಲ್ಲಿ ಉಪಾಹಾರ ಇರುತ್ತಿತ್ತು.

ನಿಧನ ವಾರ್ತೆಗೆ ಒಂದು ನಮೂನೆ ಉಂಟು. ಇಂಥವರು ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನರಾದರು, ಮೃತರು ಇಂಥವರನ್ನೆಲ್ಲ ಅಗಲಿದ್ದಾರೆ. ನಡುವೆ ಒಂದು ಸಾಲು ಖಾಲಿ ಇರುತ್ತದೆ. ಸತ್ತವನು ಗಂಡಸಾಗಿದ್ದು ಅವನ ಹೆಸರಲ್ಲಿ ನಾಲ್ಕು ಅಡಿಕೆ ಮರ ಇದ್ದರೆ ಆ ಸಾಲಿಗೆ "ಪ್ರಗತಿಪರ ಕೃಷಿಕ" ಎಂದು ಹಾಕಬೇಕು. ಪ್ರಗತಿ ಇಲ್ಲದ ಕೃಷಿಕ ನಮ್ಮ ಮೂರು ತಾಲೂಕುಗಳಲ್ಲಿ ಒಬ್ಬನೂ ಸತ್ತದ್ದಿಲ್ಲ. ಬದುಕಿದ್ದಾಗ ತೋಟದ ದಾರಿಯೇ ಮರೆತಿದ್ದ, ಮೂರು ಹೊತ್ತೂ ಪೇಟೆಯ ಹೋಟೆಲಿನಲ್ಲಿ ರಾಜಕೀಯ ಮಾತಾಡಿಕೊಂಡಿದ್ದ ನನ್ನ ದೊಡ್ಡಪ್ಪನೂ ಪ್ರಗತಿಪರ ಕೃಷಿಕರಾಗಿಯೇ ಹೋದರು. ಬರೆದವಳು ನಾನೇ.

ಹೆಂಗಸು ಸತ್ತರೆ ಅದೇ ಸಾಲಿನಲ್ಲಿ "ಗೃಹಿಣಿ" ಎಂದಿರುತ್ತಿತ್ತು. ಅನೇಕ ಸಲ ಅದೂ ಇಲ್ಲ. ನಾನು ಫೋನಿನಲ್ಲಿ ಕೇಳಲು ಶುರು ಮಾಡಿದೆ.

"ಅವರು ಎಂತ ಕೆಲಸ ಮಾಡ್ತಿದ್ರು?"

"ಎಂತ ಇಲ್ಲ ಮೇಡಂ, ಮನೆಯಲ್ಲೇ ಇದ್ರು."

"ಹಟ್ಟಿಯಲ್ಲಿ ದನ ಉಂಟಾ?"

"ನಾಲ್ಕುಂಟು."

"ಹಾಲು ಕರೀತಿದ್ದದ್ದು ಯಾರು?"

"ಅದು ಅಮ್ಮನೇ."

ಮಾರನೇ ದಿನದ ಪೇಪರಿನಲ್ಲಿ ಆ ತಾಯಿ ಹೈನುಗಾರಿಕೆ ನಡೆಸುತ್ತಿದ್ದರು ಎಂದು ಬಂತು. ಬೆಳಿಗ್ಗೆ ಮಗ ಫೋನು ಮಾಡಿ ಜಗಳ ತೆಗೆದ. ಅಮ್ಮನನ್ನು ನಾವು ದುಡಿಸುತ್ತಿದ್ದೆವು ಅಂತ ಊರವರು ತಿಳಿದುಕೊಳ್ಳುತ್ತಾರೆ ಎಂಬುದು ಅವನ ದೂರು. ಊರವರು ತಿಳಿದುಕೊಂಡದ್ದು ಸರಿಯಾಗಿಯೇ ಇತ್ತು. ಆದರೆ ಸತ್ತ ಮನೆಯವರ ಹತ್ತಿರ ವಾದ ಮಾಡಬಾರದು ಎಂದು ಸಂಪಾದಕರು ಹೇಳಿದರು.

ಅದೇ ಸಮಯದಲ್ಲಿ ತೋಟ ನಡೆಸುವ ಹೆಂಗಸರ ಬಗ್ಗೆ ಒಂದು ಲೇಖನ ಬರೆಯಬೇಕೆಂದು ಸ್ಕೂಟರಿನಲ್ಲಿ ಆಲೆಟ್ಟಿಗೆ ಹೋದೆ. ಯಾರೋ ಹೇಳಿದ್ದ ಒಂದು ಮನೆ. ಅಲ್ಲಿಯ ಸೊಸೆಗೆ ನಲವತ್ತೈದರ ಹತ್ತಿರ ಪ್ರಾಯ, ತವರು ಆಲಂಕಾರು. ಗಂಡ ಖಾಸಗಿ ಬಸ್ಸಿನ ಡ್ರೈವರು, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಇಪ್ಪತ್ತು ವರ್ಷಗಳಿಂದ ತೋಟಕ್ಕೆ ನೀರು ಬಿಡುವುದು, ಕೊಳೆರೋಗಕ್ಕೆ ಮದ್ದು ಬಿಡಿಸುವುದು, ಗೊನೆ ತೆಗೆಯುವವರನ್ನು ಕಾಡಿಬೇಡಿ ಕರೆತರುವುದು, ನೀರು ಹರಿದುಹೋಗುವ ಕಣಿ ಬಿಡಿಸುವುದು ಎಲ್ಲ ಇವಳೇ. ಮರ ಹತ್ತುವುದೊಂದನ್ನು ಬಿಟ್ಟು ಎಲ್ಲ ಬರುತ್ತದೆ ಎಂದಳು. ಆಮೇಲೆ ತಡೆದು, ಒಂದು ಸಲ ಹತ್ತಿದ್ದೇನೆ, ಬರೀಬೇಡಿ ಎಂದಳು. ಪಂಪು ತೋರಿಸಿದಳು, ನೀರಿನ ಪೈಪಿನ ವಾಲ್ವುಗಳನ್ನು ಒಂದೊಂದಾಗಿ ತೋರಿಸಿದಳು. ಮದ್ದು ಬಿಟ್ಟ ದಿನ ಉಸಿರು ಕಟ್ಟಿದ ಹಾಗೆ ಆಗುತ್ತದೆ ಎಂದದ್ದನ್ನೂ ಬರೆದುಕೊಂಡೆ. ಅವಳ ಫೋಟೋ ತೆಗೆದೆ. ಜಗಲಿಯಲ್ಲಿ ಕೂತು ಚಾ ಕುಡಿಯುವಾಗ ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದರು, "ಯಾರದು?" ಎಂದು ಕೇಳಿದರು. ಅವಳು "ಪೇಪರಿನವರು ಅತ್ತೆ" ಎಂದಳು. ನಾನು ಚಾ ಮುಗಿಸಿ ಬಂದೆ.

ಲೇಖನ ಓದಿದ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿ ಸುದ್ದಿ ಎಂತ ಉಂಟು ಮೇಡಂ? ಹೆಂಗಸರು ಕೆಲಸ ಮಾಡುದು ಸುದ್ದಿಯಾ? ಒಂದೋ ಅವರಿಗೆ ಪ್ರಶಸ್ತಿ ಬರಬೇಕು, ಅಲ್ಲದಿದ್ರೆ ಅವರು ಸಾಯಬೇಕು."

ಪ್ರಶಸ್ತಿ ಬರುವ ಲಕ್ಷಣ ಇರಲಿಲ್ಲ.

ಒಂದು ತಿಂಗಳು ಕಳೆದಿರಬಹುದು. ಸಂಜೆ ಆರು ಗಂಟೆಗೆ ಸುಳ್ಯದ ನಮ್ಮ ಪೇಪರ್ ಏಜೆಂಟ್ ಫೋನು ಮಾಡಿದರು. ನಮ್ಮ ಕಡೆ ಜನರನ್ನು ಗುರುತಿಸುವುದು ಮನೆಯ ಹೆಸರಿನಿಂದ, ಅದರಲ್ಲೂ ಹೆಂಗಸರಿಗೆ ಬೇರೆ ಹೆಸರೇ ಬೇಕಾಗುವುದಿಲ್ಲ. ಏಜೆಂಟ್ ಆ ಮನೆಯ ಹೆಸರು ಹೇಳಿ, "ಅಲ್ಲಿಯ ಅಮ್ಮ ಮಧ್ಯಾಹ್ನ ಹೋದ್ರಂತೆ ಅಕ್ಕ" ಎಂದರು.

"ಎಂತಾಯ್ತು?"

"ಉಸಿರಾಟದ ತೊಂದರೆ ಅಂತೆ."

ಆ ಮನೆಯಲ್ಲಿ ನನಗೆ ಗೊತ್ತಿದ್ದ ಹೆಂಗಸು ಒಬ್ಬಳೇ. ಉಸಿರು ಕಟ್ಟುತ್ತದೆ ಎಂದು ನನ್ನ ಹತ್ತಿರವೇ ಹೇಳಿದ್ದಳು. ನನಗೆ ಅಳು ಬಂತು, ಕಚೇರಿಯಲ್ಲಿ ಕೂತೇ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಹಳೆಯ ಲೇಖನ ಹೊರಗೆ ತೆಗೆದು, ಕ್ರಿಯಾಪದಗಳನ್ನೆಲ್ಲ ಭೂತಕಾಲಕ್ಕೆ ತಿರುಗಿಸಿದೆ. ಇಷ್ಟು ವರ್ಷಗಳಲ್ಲಿ ನಾನು ಬರೆದ ಅತ್ಯುತ್ತಮ ನಿಧನ ವಾರ್ತೆ ಅದು. ಖಾಲಿ ಸಾಲಿನಲ್ಲಿ ಪ್ರಗತಿಪರ ಕೃಷಿಕೆ ಎಂದು ಹಾಕಿ, ಇಪ್ಪತ್ತು ವರ್ಷ ಆ ತೋಟವನ್ನು ಒಬ್ಬಳೇ ನಡೆಸಿದ ಕತೆಯನ್ನು ಬಿಡಿಸಿ ಬರೆದೆ. ಸಂಪಾದಕರು ಒಂದು ಮಾತೂ ಆಡದೆ ಎರಡು ಕಾಲಂ ಕೊಟ್ಟರು, ಫೋಟೋವನ್ನೂ ದೊಡ್ಡದಾಗಿ ಹಾಕಿದರು. ಮನೆಗೆ ಒಂದು ಫೋನು ಮಾಡಿ ಕೇಳಬೇಕಿತ್ತು. ಸಾವಿನ ಮನೆಗೆ ಯಾಕೆ ತೊಂದರೆ ಕೊಡುವುದು ಎಂದು ಬಿಟ್ಟೆ. ಹೀಗೆ ಸಭ್ಯತೆಯಿಂದ ಆಗುವ ಅನಾಹುತಗಳಿಗೆ ನನ್ನಲ್ಲಿ ಇನ್ನೂ ಕೆಲವು ಉದಾಹರಣೆಗಳಿವೆ.

ಮರುದಿನ ಬೆಳಿಗ್ಗೆ ಏಳೂಕಾಲಕ್ಕೆ ಫೋನು ಬಂತು.

"ಮೇಡಂ, ನಾನು ಸತ್ತವಳು ಮಾತಾಡುದು."

ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಕೂತಲ್ಲಿಂದ ಎದ್ದು ನಿಂತೆ.

"ಹೋದದ್ದು ಅತ್ತೆ. ನನ್ನ ಅಮ್ಮ ಪೇಪರ್ ನೋಡಿ ಆಲಂಕಾರಿನಿಂದ ರಿಕ್ಷಾ ಮಾಡಿಕೊಂಡು ಬಂದಿದ್ದಾರೆ. ಈಗ ನನ್ನ ಕೈ ಹಿಡ್ಕೊಂಡು ಬಿಡುದಿಲ್ಲ. ಅಡಿಗೆ ಮಾಡ್ಲಿಕ್ಕೆ ಆಗುದಿಲ್ಲ. ಒಂದು ಕೈಯಲ್ಲಿ ಫೋನು ಹಿಡ್ಕೊಂಡಿದ್ದೇನೆ."

ಸ್ಕೂಟರು ಹತ್ತಿ ಆಲೆಟ್ಟಿಗೆ ಹೋದೆ. ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ಅಂಗಳ ತುಂಬ ಜನ ಇದ್ದರು. ಇಬ್ಬರು ಹೆಂಗಸರು ಸೊಸೆಯನ್ನು ಕಂಡು ಬೆಚ್ಚಿಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಒಬ್ಬಳಂತೂ ಅವಳ ತೋಳನ್ನು ಎರಡು ಸಲ ಚಿವುಟಿದಳು. ಜಗಲಿಯ ಕುರ್ಚಿಯಲ್ಲಿ ಮಾವ ಕೂತಿದ್ದರು, ಎಂಬತ್ತು ದಾಟಿದವರು, ಪಹಣಿಯಲ್ಲಿ ಹೆಸರಿರುವವರು. ಅವರು ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೊಸೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನು ಜೋಡಿಸಿಕೊಂಡಿದ್ದ ಮಾತು ಹೇಳಲು ಬಾಯಿ ತೆರೆದೆ, ಅವಳು ಕೈ ಅಡ್ಡ ಮಾಡಿದಳು.

"ಆದದ್ದು ಆಯ್ತು. ಅತ್ತೆಯ ಹೆಸರು ಬರ್ಲಿಲ್ಲ ಅಂತ ಒಂದು ಬೇಜಾರು. ನೀವು ತಿದ್ದುಪಡಿ ಹಾಕ್ತೀರಲ್ಲ? ಹಾಕುವಾಗ ನಾನು ಬದುಕಿದ್ದೇನೆ ಅಂತ ಮಾತ್ರ ತಿದ್ದಿ. ಕೆಲಸದ್ದು ತಿದ್ದಬೇಡಿ."

ಯಾಕೆಂದು ಕೇಳಿದೆ. ಬೆಳಿಗ್ಗೆ ನಡೆದದ್ದನ್ನು ಹೇಳಿದಳು. ಗಂಡನ ಅಣ್ಣಂದಿರು ಇಬ್ಬರೂ ಬಂದಿದ್ದರು, ಒಬ್ಬರು ಮಂಗಳೂರಿನಿಂದ, ಒಬ್ಬರು ಮೈಸೂರಿನಿಂದ. ಜಗಲಿಯಲ್ಲಿ ಕೂತು, ಅಮ್ಮ ಹೋದ್ರು, ಅಪ್ಪನಿಗೆ ಪ್ರಾಯ ಆಯ್ತು, ಇನ್ನು ತೋಟ ನೋಡುವವರು ಯಾರೂ ಇಲ್ಲ, ಯಾರಿಗಾದರೂ ಕೊಟ್ಟುಬಿಡುವ ಎಂದು ಮಾತಾಡಿಕೊಂಡರಂತೆ. ಇವಳು ಆಗ ಅವರಿಗೆ ಚಾ ಕೊಡುತ್ತಿದ್ದಳು. ತೋಟ ನೋಡುವವರು ಯಾರೂ ಇಲ್ಲ ಎಂದ ಇಬ್ಬರಲ್ಲಿ ದೊಡ್ಡವರು ಇವಳ ಕೈಯಿಂದಲೇ ಲೋಟ ತೆಗೆದುಕೊಂಡು, ಸಕ್ಕರೆ ಕಡಿಮೆಯಾಯ್ತು ಎಂದರಂತೆ.

"ನನ್ನ ಗಂಡ ಅಣ್ಣಂದಿರ ಎದುರು ಮಾತಾಡುದಿಲ್ಲ. ಮಾವ ಯಾರ ಎದುರೂ ಮಾತಾಡುದಿಲ್ಲ. ಈ ತೋಟ ನಾನು ನೋಡುದು ಅಂತ ಹೇಳಿದ್ದು ನಿಮ್ಮ ಪೇಪರ್ ಮಾತ್ರ. ಅದೊಂದು ಇರ್ಲಿ ನನಗೆ."

ಇರುತ್ತದೆ ಎಂದು ಮಾತು ಕೊಟ್ಟೆ. ಕಚೇರಿಗೆ ಬಂದು ಮೂವತ್ತು ಸಾಲಿನ ತಿದ್ದುಪಡಿ ಬರೆದೆ. ಅವಳು ಬದುಕಿದ್ದಾಳೆ, ತೋಟವನ್ನು ಅವಳೇ ನಡೆಸುತ್ತಿದ್ದಾಳೆ, ತೀರಿಕೊಂಡವರು ಅವಳ ಅತ್ತೆ. ಸಂಪಾದಕರು ಅದನ್ನು ಮೂರು ಸಾಲಿಗೆ ಇಳಿಸಿದರು. ನಿನ್ನೆಯ ಸಂಚಿಕೆಯಲ್ಲಿ ಇಂಥವರ ಪತ್ನಿ ನಿಧನ ಎಂದು ಪ್ರಕಟವಾದ ಸುದ್ದಿ ತಪ್ಪಾಗಿದೆ, ನಿಧನರಾದವರು ಅವರ ಅತ್ತೆ, ಪ್ರಮಾದಕ್ಕೆ ವಿಷಾದಿಸುತ್ತೇವೆ. ಅತ್ತೆಯ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೂವತ್ತು ಸಾಲಿನಲ್ಲೂ ಅವರು "ಅತ್ತೆ"ಯೇ ಆಗಿದ್ದರು.

ತತ್ವಕ್ಕಾಗಿ ಪತ್ರಿಕೆ ಬಿಟ್ಟವಳು ಎಂದು ನನ್ನ ಬಗ್ಗೆ ಹೇಳುವುದುಂಟು. ನಾನೂ ಎರಡು ಸಭೆಗಳಲ್ಲಿ ಹಾಗೆಯೇ ಹೇಳಿದ್ದೇನೆ. ನಡೆದದ್ದು ಬೇರೆ. ಸಂಪಾದಕರು, "ಒಂದು ತಿಂಗಳು ರೆಸ್ಟ್ ಮಾಡಿ ಮೇಡಂ, ಜನ ಮರೀಲಿ" ಎಂದರು. ಹದಿಮೂರು ದಿನ ಮನೆಯಲ್ಲಿ ಕೂತು ಗೋಡೆ ನೋಡಿದೆ. ಹದಿನಾಲ್ಕನೇ ದಿನ ಸೊಸೆಯ ಫೋನು ಬಂತು.

ಉತ್ತರಕ್ರಿಯೆ ಮುಗಿದು ಊಟವಾದ ಮೇಲೆ ಅಣ್ಣಂದಿರು ತೋಟ ಮಾರುವ ಮಾತು ತೆಗೆದಿದ್ದರು. ಇವಳು ಒಳಗೆ ಹೋಗಿ ಪೇಪರಿನ ಆ ತುಂಡನ್ನು ತಂದು ಎಲ್ಲರ ಎದುರು ಇಟ್ಟಳು. ಜೀವಮಾನದಲ್ಲಿ ಮೊದಲ ಸಲ ಆ ಜಗಲಿಯಲ್ಲಿ ಬಾಯಿ ತೆರೆದು, ನೋಡುವವಳು ನಾನು ಇದ್ದೇನಲ್ಲ ಎಂದಳು. ದೊಡ್ಡವರು ತುಂಡನ್ನು ಓದಿದರು. ಆಮೇಲೆ ಕಿಸೆಯಿಂದ ಇನ್ನೊಂದು ತುಂಡು ತೆಗೆದರು, ಮೂರು ಸಾಲಿನದ್ದು.

"ಅದು ತಪ್ಪು ಸುದ್ದಿ ಅಂತ ಪೇಪರಿನವರೇ ಹಾಕಿದ್ದಾರಲ್ಲ" ಎಂದರು.

ಮಾವ ಮಾತ್ರ, ಈ ವರ್ಷದ ಕೊಯ್ಲು ಮುಗಿಯಲಿ, ಆಮೇಲೆ ನೋಡುವ ಎಂದು ಎದ್ದುಹೋದರಂತೆ. ಅಷ್ಟು ಸಮಯ ಅವಳಿಗೆ ಸಿಕ್ಕಿತ್ತು. "ಈಗ ನಾನು ಬದುಕಿರುದು ಹೌದು ಅಂತ ಆಯ್ತು ಮೇಡಂ. ತೋಟ ನೋಡುದು ಸುಳ್ಳು ಅಂತ ಆಯ್ತು." ಫೋನು ಇಟ್ಟ ಮೇಲೆ ನನಗೆ ಬಂದ ಸಿಟ್ಟು ಸಂಪಾದಕರ ಮೇಲಲ್ಲ, ನನ್ನ ಮೇಲೆ. ಮತ್ತೆ ಆ ಮಾಳಿಗೆಯ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ. ಸಾಮಾಜಿಕ ನ್ಯಾಯದ ಹೋರಾಟಕ್ಕೆ ನಾನು ಇಳಿದದ್ದು ಹೀಗೆ. ಇದಕ್ಕಿಂತ ಗಂಭೀರವಾದ ಕಾರಣ ನನ್ನಲ್ಲಿಲ್ಲ.

ಅವಳನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋದೆ. ಕಿಟಕಿಯ ಒಳಗಿನವರು ಒಳ್ಳೆಯ ಮನುಷ್ಯ, ಕೂತುಕೊಳ್ಳಲು ಹೇಳಿದರು.

"ಪಹಣಿ ಉಂಟಾ ನಿಮ್ಮ ಹೆಸರಲ್ಲಿ?"

"ಮಾವನ ಹೆಸರಲ್ಲಿ ಉಂಟು."

"ಹಾಗಾದ್ರೆ ಕೃಷಿಕರು ಮಾವ."

"ಅವರು ತೋಟಕ್ಕೆ ಇಳಿಯದೆ ಹದಿನೈದು ವರ್ಷ ಆಯ್ತು ಸರ್."

"ಅದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲಮ್ಮ."

ಕಾಲಂ ಇಲ್ಲದಿದ್ದರೆ ಮಾಡಿಸಬೇಕು ಎಂದು ಹೊರಗೆ ಬಂದು ಹೇಳಿದೆ. ಹೇಳುವುದು ಸುಲಭ. ಮೂರು ತಾಲೂಕುಗಳ ಪಂಚಾಯತುಗಳಿಗೆ ಅಲೆದೆ. ಭೂಮಿ ಯಾರ ಹೆಸರಲ್ಲೇ ಇರಲಿ, ಬೇಸಾಯ ಮಾಡುವವಳು ಇವಳು ಎಂದು ಪಂಚಾಯತ್ ಸ್ಥಳ ನೋಡಿ ಒಂದು ದೃಢಪತ್ರ ಕೊಡಬೇಕು, ಅಷ್ಟೇ ನನ್ನ ಬೇಡಿಕೆ. ಕಾನೂನಿನಲ್ಲಿ ಹಾಗೆ ಕೊಡಬೇಕೆಂದು ಇಲ್ಲ ಎಂದರು. ಕೊಡಬಾರದೆಂದು ಇದೆಯೇ ಎಂದು ಕೇಳಿದರೆ ಅದೂ ಇಲ್ಲ ಎಂದರು. ಒಂದು ಪಂಚಾಯತಿನ ಅಧ್ಯಕ್ಷೆ, ತಾನೇ ತೋಟ ನಡೆಸುವವಳು, ನನ್ನ ಮಾತನ್ನು ಪೂರ್ತಿ ಕೇಳಿ ಕೊನೆಗೆ ಗಂಡನ ಮುಖ ನೋಡಿದಳು. ಗಂಡ ಪಕ್ಕದ ಕುರ್ಚಿಯಲ್ಲಿದ್ದ. ಅವನು ಚುನಾವಣೆಗೆ ನಿಂತವನಲ್ಲ.

ಹೆಂಗಸರ ಪಟ್ಟಿ ಮಾಡಿ ತನ್ನಿ, ಗ್ರಾಮಸಭೆಯಲ್ಲಿ ಇಡುವ ಎಂದವರು ಆಲೆಟ್ಟಿಯ ಕಡೆಯ ಪಂಚಾಯತ್ ಅಭಿವೃದ್ಧಿ ಅಧಿಕಾರಿ. ಮಾತು ಕಡಿಮೆಯ ಹೆಂಗಸು. ಪಟ್ಟಿ ಮಾಡುವುದು ಹೇಗೆ? ನನಗೆ ಗೊತ್ತಿದ್ದ ನಮೂನೆ ಒಂದೇ. ನಿಧನ ವಾರ್ತೆಯ ನಮೂನೆಯನ್ನೇ ಅಚ್ಚು ಹಾಕಿಸಿದೆ. ಹೆಸರು, ಪ್ರಾಯ, ಮನೆ, ಮಾಡುವ ಕೆಲಸ. ಕೆಲಸದ ಸಾಲಿಗೆ ಬಂದಾಗ ಎಲ್ಲ ಹೆಂಗಸರೂ ಒಂದೇ ಉತ್ತರ ಕೊಟ್ಟರು, "ಎಂತ ಇಲ್ಲ". ಅದಕ್ಕೆ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿದೆ: ನೀವು ನಾಳೆ ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?

ಈ ಪ್ರಶ್ನೆಗೆ ಬೈಗುಳವೂ ಸಿಕ್ಕಿತು. ಆಲಂಕಾರಿನಲ್ಲಿ ಅಂಗಡಿ ನಡೆಸುವ ಒಬ್ಬಾಕೆ, "ಬಿಡ್ತು ಅನ್ನಿ ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ ಎಂತ ಮಾತು!" ಎಂದು ಎದ್ದೇ ಹೋದಳು. ಹತ್ತು ನಿಮಿಷ ಬಿಟ್ಟು ವಾಪಸು ಬಂದು, ಅಂಗಡಿ, ತೋಟ, ಗಂಡನ ಮಾತ್ರೆ, ಅತ್ತಿಗೆಯ ಮಗುವಿನ ಶಾಲೆ ಎಂದು ಉಸಿರು ತೆಗೆಯದೆ ಹೇಳಿದಳು. ಹಾಳೆಯ ಹಿಂಬದಿಯೂ ತುಂಬಿತು. ನೆಟ್ಟಣದ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಇನ್ನೊಬ್ಬಾಕೆ ಪ್ರಶ್ನೆ ಕೇಳಿ ಬಹಳ ಹೊತ್ತು ಹಳಿ ನೋಡಿದಳು. "ಎಲ್ಲ ನಿಲ್ತದೆ. ಅದಕ್ಕೇ ಎಲ್ಲಿಗೂ ಹೋಗ್ಲಿಕ್ಕೆ ಆಗುದಿಲ್ಲ" ಎಂದಳು. ಹಾಗಾದರೆ ಇಲ್ಲಿ ಯಾಕೆ ಕೂತಿದ್ದೀರಿ ಎಂದು ಕೇಳಿದೆ. ಸುಮ್ಮನೆ ರೈಲು ನೋಡಲು ಬಂದಿದ್ದಳು.

ಗ್ರಾಮಸಭೆಯಲ್ಲಿ ಆ ಹಾಳೆಗಳನ್ನು ಓದಿದೆ. ಗಂಡಸರು ನಕ್ಕರು, ಆಮೇಲೆ ತಮ್ಮ ತಮ್ಮ ಮನೆಯ ಹಾಳೆ ಬಂದಾಗ ನಗು ನಿಲ್ಲಿಸಿದರು. ಸ್ಥಳ ಪರಿಶೀಲನೆ ಮಾಡಿ ದೃಢಪತ್ರ ಕೊಡಬಹುದು, ಜಮೀನಿನ ಯಜಮಾನರು ಎದುರಿದ್ದು ಹೇಳಬೇಕು ಎಂದು ತೀರ್ಮಾನವಾಯಿತು. ಮೊದಲ ಮನೆ ಯಾವುದು ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ.

ಆ ದಿನ ಅಣ್ಣಂದಿರು ಇಬ್ಬರೂ ಬಂದಿದ್ದರು. ಕೊಯ್ಲು ಮುಗಿದಿತ್ತು. ತೋಟ ತೆಗೆದುಕೊಳ್ಳುವವರೊಬ್ಬರು ಮಾರನೇ ದಿನ ಮಾತಿಗೆ ಬರುವುದಿತ್ತು. ಸೊಸೆ ಹಿಂದಿನ ದಿನದಿಂದ ಊಟ ಮಾಡಿರಲಿಲ್ಲ ಎಂದು ಅವಳ ಗಂಡ ನನ್ನ ಹತ್ತಿರ ಮೆಲ್ಲಗೆ ಹೇಳಿದ. ಅವನು ಅಂದು ಬಸ್ಸಿಗೆ ರಜೆ ಹಾಕಿದ್ದ. ಅದು ಅವನ ಮಟ್ಟಿಗೆ ದೊಡ್ಡ ಭಾಷಣ.

ಅಧಿಕಾರಿ ಅಂಗಳದಲ್ಲಿ ನಿಂತು ಪುಸ್ತಕ ತೆರೆದರು. "ತೋಟ ಯಾರು ನೋಡುದು?"

"ನಾವೇ ಎಲ್ಲ. ಒಟ್ಟಿಗೆ" ಎಂದರು ದೊಡ್ಡವರು.

"ಒಳ್ಳೇದಾಯ್ತು. ಕೆಳಗಿನ ತೋಟಕ್ಕೆ ಸ್ವಲ್ಪ ನೀರು ಬಿಡಿ, ನೋಡುವ. ನೀವು ಮಾತಾಡಬೇಡಿ" ಎಂದು ಕೊನೆಯ ಮಾತನ್ನು ಸೊಸೆಗೆ ಹೇಳಿದರು.

ಪಂಪಿನ ಕೋಣೆಗೆ ಬೀಗ ಇತ್ತು. ಬೀಗದ ಕೈ ಎಲ್ಲಿದೆ ಎಂದು ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಡ್ರೈವರು ಗಂಡ ಹಂಚಿನ ಮಾಡಿನ ಸಂದಿಗೆ ಕೈ ಹಾಕಿ ತೆಗೆದುಕೊಟ್ಟ. ಪಂಪು ಶುರುವಾಯಿತು. ಎರಡನೆಯವರು ಕೈಗೆ ಸಿಕ್ಕಿದ ವಾಲ್ವ್ ತಿರುಗಿಸಿದರು. ಮೇಲಿನ ತೋಟದ ಸ್ಪ್ರಿಂಕ್ಲರ್ ಎದ್ದು ಅಧಿಕಾರಿಯ ಪುಸ್ತಕದ ಮೇಲೆ ಒಂದು ಸುತ್ತು ನೀರು ಹಾಕಿತು. ಅವರು ಪುಸ್ತಕವನ್ನು ಸೆರಗಿನಿಂದ ಒರೆಸಿ, "ಇದು ಮೇಲಿನ ತೋಟ" ಎಂದರು.

ಆಗ ಮಾವ ಕುರ್ಚಿಯಿಂದ ಎದ್ದರು. ಕೋಲು ಹಿಡಿದುಕೊಂಡು ಮೆಟ್ಟಿಲು ಇಳಿದರು. ಎಲ್ಲರೂ ಅವರ ಹಿಂದೆ ನಡೆದೆವು. ಅವರು ಗುರಿ ಗೊತ್ತಿರುವವರ ಹಾಗೆ ತೋಟದ ಒಂದು ಮೂಲೆಗೆ ಹೋಗಿ, ಕೋಲಿನಿಂದ ಒಣಗಿದ ಸೋಗೆಯನ್ನು ಸರಿಸಿದರು. ಕೆಳಗೆ ಮಣ್ಣು ಮಾತ್ರ ಇತ್ತು. ಇನ್ನೂ ಸ್ವಲ್ಪ ಸರಿಸಿದರು.

"ಕೆಳಗಿನ ತೋಟದ ವಾಲ್ವ್ ಇಲ್ಲೇ ಇತ್ತು. ಹಲಸಿನ ಮರದ ಅಡಿಯಲ್ಲಿ."

"ಮರ ಬಿದ್ದ ವರ್ಷ ಅದನ್ನು ಆಚೆ ಹಾಕಿದೆವು ಮಾವ" ಎಂದಳು ಸೊಸೆ. ಮಾತಾಡಬಾರದು ಎಂಬುದು ಅವಳಿಗೆ ಮರೆತುಹೋಗಿತ್ತು. "ಎಂಟು ವರ್ಷ ಆಯ್ತು."

"ಮರ ಬಿತ್ತಾ?"

ಮುದುಕರು ಆ ಖಾಲಿ ಜಾಗವನ್ನು ನೋಡುತ್ತ ನಿಂತರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಆಮೇಲೆ ಅವರು ಕಣಿಯ ಬದಿಯಲ್ಲಿ ಮೆಲ್ಲಗೆ ಕೂತರು. ಅಧಿಕಾರಿಯ ಕಡೆ ತಿರುಗಿದರು.

"ಬರ್ಕೊಳ್ಳಿ. ತೋಟ ಇವಳು ನೋಡುದು. ಇವಳು ಬರುವ ಮೊದಲು ನೋಡಿದ್ದು ಇವಳ ಅತ್ತೆ. ನಾನು ಪಹಣಿಯಲ್ಲಿದ್ದೆ."

ಅಧಿಕಾರಿ ಒದ್ದೆ ಪುಟ ಬಿಟ್ಟು ಮುಂದಿನ ಪುಟದಲ್ಲಿ ಬರೆದುಕೊಂಡರು. ಮುದುಕರು ಮಕ್ಕಳಿಬ್ಬರನ್ನೂ ನೋಡಿ, "ನಾಳೆ ಬರುವವರಿಗೆ ಬರುದು ಬೇಡ ಅಂತ ಹೇಳಿ. ನೋಡುವವರು ಇದ್ದಾರೆ" ಎಂದರು. ದೊಡ್ಡವರು ಅಂಗಿಯ ಮೇಲಿನ ನೀರು ಕೊಡವಿಕೊಂಡರು. ಸೊಸೆ ಹೋಗಿ ಕೆಳಗಿನ ತೋಟದ ವಾಲ್ವ್ ತೆಗೆದಳು. ನೀರು ಸರಿಯಾಗಿ ಬಂತು.

ಹೊರಡುವಾಗ ಮಾವ ನನ್ನನ್ನು ಕರೆದರು. ಆ ಮನೆಯಲ್ಲಿ ಅವರು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

"ಅವಳದ್ದು ನೀವು ಹಾಕ್ಲೇ ಇಲ್ಲ."

ಯಾರದ್ದು ಎಂದು ಕೇಳುವ ಅಗತ್ಯ ಇರಲಿಲ್ಲ. ಆ ಜಗಲಿಯಲ್ಲಿ ಕೂತು ಕಣ್ಣಿಗೆ ಕಾಣದ ಹೆಂಗಸರ ಬಗ್ಗೆ ಬರೆದುಕೊಳ್ಳುತ್ತಿದ್ದಾಗ ಒಳಗಿನಿಂದ ಕೆಮ್ಮಿದವರನ್ನು ಒಂದು ಸಲ ಬಾಗಿಲು ದೂಡಿ ನೋಡಿದವಳಲ್ಲ ನಾನು. ಅವರು ಯಾರದು ಎಂದು ಕೇಳಿದ್ದರು. ನಾನು ಕೇಳಿರಲಿಲ್ಲ. ಕ್ಷಮಿಸಿ ಎಂದೆ. ಮಾವ ಪಕ್ಕದ ಕುರ್ಚಿ ತೋರಿಸಿದರು.

ಚೀಲದಲ್ಲಿ ಖಾಲಿ ಹಾಳೆಗಳು ಇದ್ದವು. ಒಂದನ್ನು ತೆಗೆದೆ. ಹೆಸರನ್ನು ಮಾವ ಹೇಳಿದರು, ಪೂರ್ತಿ ಹೆಸರು, ತವರಿನ ಹೆಸರೂ ಸೇರಿಸಿ. ಪ್ರಾಯ ಹೇಳಿದರು. ಮಾಡುತ್ತಿದ್ದ ಕೆಲಸ ಎಂಬಲ್ಲಿ ಸೊಸೆ ಹೇಳುತ್ತ ಹೋದಳು, ಗುಡ್ಡೆಯ ಬದಿಗೆ ಮೊದಲ ಅಡಿಕೆ ಸಸಿ ಇಟ್ಟದ್ದು, ಪಂಪು ಬರುವ ಮೊದಲು ಕೆರೆಯಿಂದ ನೀರು ಹೊತ್ತದ್ದು. ಮಾವ ಎರಡು ಕಡೆ ತಿದ್ದಿದರು. ಹಾಳೆಯ ಕೊನೆಗೆ ಬಂದಾಗ ನಾನು ಪೆನ್ನು ಎತ್ತಿದೆ. ಆ ಪ್ರಶ್ನೆ ಸತ್ತವರಿಗೆ ಬೇಕಾಗಿಲ್ಲ ಎಂದು ಬಿಟ್ಟುಬಿಡಲು ಹೊರಟಿದ್ದೆ. ಸೊಸೆ ನನ್ನ ಭುಜದ ಮೇಲಿನಿಂದ ಅದನ್ನು ಓದಿಯಾಗಿತ್ತು.

"ಯಾವುದೂ ನಿಲ್ಲಲಿಲ್ಲ" ಎಂದಳು. "ಎಲ್ಲ ನನಗೆ ಕಲಿಸಿಯೇ ಹೋದದ್ದು."

ಅದನ್ನೇ ಬರೆದುಕೊಂಡೆ.